ಹೊಡೆಯುವ ಮೊದಲು ಯಾವೂರು ಅಂತ ಕೇಳಬೇಕು

ಬಸ್ ಕಂಡಕ್ಟರ್ ಕೆಲಸದಿಂದ ನಿವೃತ್ತನಾದ ಮೇಲೆ ನನ್ನ ಬಾಯಿಗೆ ಕೆಲಸವಿಲ್ಲದಂತಾಯಿತು. ಹಾನಗಲ್ಲಿನಿಂದ ಅಕ್ಕಿಆಲೂರು, ಹಿರೇಕೆರೂರು, ರಟ್ಟೀಹಳ್ಳಿ, ಇತ್ತ ಶಿಗ್ಗಾಂವ, ಸವಣೂರು ಅಂತ ಜೀವಮಾನವಿಡೀ ಓಡಾಡಿದವನು ನಾನು. ಯಾವೂರು ಎಂದು ಕೇಳದೆ ಒಬ್ಬರಿಗೂ ಟಿಕೆಟ್ ಹರಿದುಕೊಟ್ಟಿಲ್ಲ. ಊರು ಗೊತ್ತಾದ ಮೇಲೆ ಸುಮ್ಮನಾಗುವ ಜಾತಿಯೂ ನನ್ನದಲ್ಲ. ಯಾರ ಮನೆಗೆ, ಏನು ಕಾರ್ಯ, ಕೂಸಿಗೆ ಜ್ವರ ಬಿಟ್ಟಿತೇ, ಎಲ್ಲವೂ ಬೇಕು. ಮನೆಯಲ್ಲಿ ಕೂತ ಮೊದಲ ತಿಂಗಳೇ ನನ್ನ ಹೆಂಡತಿ ಕೈಮುಗಿದಳು. "ನೀವು ಬಾಗಲಿಗೆ ಬಂದ ಹಾಲಿನವನ್ನ ಅರ್ಧಾ ತಾಸು ನಿಂದರಸ್ತೀರಿ, ಅವನ ಹಾಲು ಒಡಿಯಾಕತ್ತೈತಿ. ಸ್ವಲ್ಪ ಬಾಯಿ ಮುಚ್ಚಿಕೊಂಡು ಕುಂದರ್ರಿ" ಎಂದಳು.

ಇನ್ನೊಂದು ಚಟವನ್ನೂ ಈಗಲೇ ಹೇಳಿಬಿಡುತ್ತೇನೆ. ವಯಸ್ಸಿನಲ್ಲಿ ನಮ್ಮೂರ ದೊಡ್ಡಾಟದಲ್ಲಿ ನಾನು ಸಾರಥಿ. ರಾಜನ ಪಾತ್ರ ಯಾರಾದರೂ ಮಾಡಿಯಾರು, ಮೀಸೆ ಕಿರೀಟ ಇದ್ದರೆ ಸಾಕು. ಸಾರಥಿಗೆ ಬಾಯಿ ಬೇಕು. ಪರದೆ ಸರಿಸಿ ಯಾವ ಪಾತ್ರ ಬಂದರೂ ಮೊದಲು ಸಾರಥಿ ಕೇಳಬೇಕು: "ಬಂದವರು ದಾರು? ಯಾವ ಪಟ್ಟಣದ ಅರಸು? ಯಾರ ಮಗ? ಬಂದ ಕಾರಣವೇನು?" ಆತ ಅದನ್ನೆಲ್ಲ ಕುಣಿದು, ಹಾಡಿ, ಹೇಳಿ ಮುಗಿಸುವ ತನಕ ಯಾರೂ ಕತ್ತಿ ಎತ್ತುವಂತಿಲ್ಲ. ರಾಕ್ಷಸನಿಗೂ ಈ ಮರ್ಯಾದೆ ಉಂಟು. ಕೊಲ್ಲುವುದು ಆಮೇಲಿನ ಮಾತು.

ಇಂಥವನ ಕೈಗೆ ನನ್ನ ಮಗಳು ಒಂದು ಆನ್‌ಲೈನ್ ಆಟ ಕೊಟ್ಟಳು. ಅವಳು ಶಿಗ್ಗಾಂವದ ಸೊಸೆ, ಅಲ್ಲಿಯೇ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ಅಪ್ಪ ಸುಮ್ಮನೆ ಕೂತರೆ ಅವ್ವನ ತಲೆ ತಿನ್ನುತ್ತಾನೆ ಎಂದು ಅವಳ ಲೆಕ್ಕಾಚಾರ. ಆಟ ಸರಳ. ಫೋನಿನೊಳಗೆ ಒಂದು ದೊಡ್ಡ ರಾಜ್ಯ, ಕಾಡು, ಕೋಟೆ, ಕಣಿವೆ. ಎಲ್ಲೆಲ್ಲಿಯವರೋ ಬಂದು ಒಂದೊಂದು ಪಾತ್ರ ಕಟ್ಟಿಕೊಂಡು ಅದರಲ್ಲಿ ತಿರುಗುತ್ತಾರೆ, ಕಿವಿಗೆ ಮೈಕ್ ಹಾಕಿಕೊಂಡು ಮಾತಾಡುತ್ತಾರೆ, ಹತ್ತಿರ ಬಂದವರಿಗೆಲ್ಲ ಅದು ಕೇಳಿಸುತ್ತದೆ. ನಾಲ್ಕು ಜನರದೊಂದು ತಂಡ. ಎದುರಿಗೆ ಬೇರೆ ತಂಡ ಸಿಕ್ಕರೆ ಯುದ್ಧ. ಒಂದು ಪಾತ್ರಕ್ಕೆ ಒಂಬತ್ತು ಜೀವ. ಒಂಬತ್ತೂ ಹೋದರೆ ಪಾತ್ರ ಅಳಿಸಿಹೋಗುತ್ತದೆ, ಮತ್ತೆ ಬರುವುದಿಲ್ಲ.

ಮಗಳು ಬಿಲ್ಲುಗಾರ್ತಿ. ಅವಳ ಗುರಿ ನೋಡಿದರೆ ಇವಳನ್ನು ಹಡೆದವನು ನಾನೇ ಹೌದೋ ಅಲ್ಲವೋ ಎಂದು ಅನುಮಾನ ಬರಬೇಕು. ಡಾಲು ಹಿಡಿದು ಮುಂದೆ ನಿಲ್ಲುವವನು ಸವಣೂರಿನ ಭಾಯಿ. ಅವನದು ಖಾರಾ ಅಂಗಡಿ. ಯುದ್ಧ ಜೋರಾದಾಗೊಮ್ಮೆ ಅವನ ಮೈಕಿನಲ್ಲಿ ಸುಂಯ್ ಎಂದು ಸೇವು ಎಣ್ಣೆಗೆ ಬಿದ್ದ ಸದ್ದು ಬರುತ್ತದೆ. "ಕಾಕಾ, ಒಂದ ಮಿನಿಟ್, ಸೇವು ತಿರುವಿ ಬಂದೆ" ಎಂದು ಶತ್ರುವಿಗೆ ಬೆನ್ನು ತೋರಿಸಿ ಹೋದವನು ಅವನೊಬ್ಬನೇ ಇರಬೇಕು. ನಾನು ಕತ್ತಿಯವನು. ಕತ್ತಿ ನೆಪಕ್ಕೆ, ಅಸ್ತ್ರ ಬಾಯಿಯೇ.

ನಾಲ್ಕನೆಯವಳು ಹಿರೇಕೆರೂರಿನ ಹೆಣ್ಣುಮಗಳು. ನಮಗೆ ಅವಳು ಸಿಕ್ಕಿದ್ದು ಒಂದು ಮೋಜಿನ ಕತೆ. ಕಾಡಿನಲ್ಲಿ ನಾವು ಮೂವರೂ ಏಟು ತಿಂದು ಬಿದ್ದಿದ್ದಾಗ ಯಾವಳೋ ವೈದ್ಯೆಯ ಪಾತ್ರದವಳು ಬಂದು, ಒಂದು ಮಾತಿಲ್ಲ ಕತೆಯಿಲ್ಲ, ಗಾಯಕ್ಕೆ ಮದ್ದು ಹಾಕತೊಡಗಿದಳು. ಅವಳ ಮೈಕಿನ ಹಿಂದೆ ಒಬ್ಬ ಒದರುತ್ತಿದ್ದ: "ರಟ್ಟೀಹಳ್ಳಿ, ರಟ್ಟೀಹಳ್ಳಿ, ಹತ್ರಿ ಜಲ್ದಿ!" ಆ ದನಿ ನನಗೆ ಗೊತ್ತಿರುವುದಿಲ್ಲವೇ! ನನ್ನ ಕೈಕೆಳಗೇ ಕೆಲಸ ಕಲಿತ ಹುಡುಗ ಅವನು.

"ಯವ್ವಾ, ನೀ ಹಿರೇಕೆರೂರ ಬಸ್‌ಸ್ಟ್ಯಾಂಡಿನ್ಯಾಗ ಕುಂತಿಯೇನು?" ಎಂದು ಕೇಳಿದೆ.

ಆ ಕಡೆಯಿಂದ ಫೋನ್ ಕೈಜಾರಿ ಬಿದ್ದ ಸದ್ದು. ಆಮೇಲೆ ನಗೆ. ಅಂದಿನಿಂದ ಅವಳು ನಮ್ಮವಳು.

ಅವಳಿಗೆ ನಲವತ್ತರ ಹತ್ತಿರ ವಯಸ್ಸು. ಹೈಬ್ರಿಡ್ ಬೀಜಕ್ಕಾಗಿ ಟೊಮ್ಯಾಟೊ ಬೆಳೆಯುವ ಹೊಲಗಳಲ್ಲಿ ಕೂಲಿ ಕೆಲಸ. ಅಷ್ಟು ಬಿಟ್ಟರೆ ಬೇರೇನೂ ಬಾಯಿಬಿಡುತ್ತಿರಲಿಲ್ಲ. ಭಾನುವಾರ ಮಧ್ಯಾಹ್ನ ನಾವು ನಾಲ್ವರೂ ಸೇರುತ್ತಿದ್ದೆವು. ನಾನು ಸುಮ್ಮನಿರಲಾರದೆ ಎಲ್ಲರಿಗೂ ಒಂದೊಂದು ಕತೆ ಕಟ್ಟಿದೆ. ಭಾಯಿಯ ಪಾತ್ರ ಎಣ್ಣೆಯ ಕಡಲಿನಲ್ಲಿ ಹಡಗು ಮುಳುಗಿ ಉಳಿದು ಬಂದ ಯೋಧ. ಅವನಿಗೆ ಅದು ಎಷ್ಟು ಹಿಡಿಸಿತೆಂದರೆ ಗಿರಾಕಿಗಳಿಗೂ ಹೇಳತೊಡಗಿದ. ಮಗಳದು ಏಳು ಅಣ್ಣಂದಿರನ್ನು ಹುಡುಕಿ ಹೊರಟ ರಾಜಕುಮಾರಿ. "ಅಪ್ಪಾ, ನನಗ ಒಬ್ಬ ಅಣ್ಣನೂ ಇಲ್ಲ, ಏಳು ಮಂದಿನ್ನ ಎಲ್ಲಿಂದ ತಂದಿ?" ಎಂದು ಬಯ್ದಳು. ಆದರೂ ಕೋಟೆಯ ಬಾಗಿಲಿಗೆ ಹೋದಾಗಲೆಲ್ಲ "ಇಲ್ಲಿ ನನ್ನ ಮೂರನೇ ಅಣ್ಣ ಬಂದಿದ್ದನೇನು?" ಎಂದು ತಾನೇ ಕೇಳುತ್ತಿದ್ದಳು. ನಾನು ಕೇಳಿಸದವನಂತೆ ಮೀಸೆಯಲ್ಲೇ ನಗುತ್ತಿದ್ದೆ.

ವೈದ್ಯೆ ಮಾತ್ರ ಬಗ್ಗಲಿಲ್ಲ. ನಾನು ಕಟ್ಟಿಕೊಟ್ಟ ಕತೆ ಬೇಡ. ತನ್ನದನ್ನು ತಾನೂ ಹೇಳಲೊಲ್ಲಳು.

"ನಂದೇನ ಐತಿ ಕಾಕಾ ಹೇಳಾಕ? ಮುಂಜಾನೆದ್ದು ಹೊಲಕ್ಕ ಹೋಗೂದು, ಸಂಜಿಕ ಬರೂದು."

"ನಿನ್ನ ಕೇಳಾಕತ್ತಿಲ್ಲ ತಂಗಿ, ನಿನ್ನ ಪಾತ್ರದ ಕಥಿ ಕೇಳಾಕತ್ತೇನಿ."

"ಆಕಿದೂ ಏನೂ ಇಲ್ಲ."

ಈಗ ನನ್ನ ತಪ್ಪಿಗೆ ಬರುತ್ತೇನೆ. ಎದುರು ತಂಡ ಕಂಡ ಕೂಡಲೇ ನನ್ನೊಳಗಿನ ಸಾರಥಿ ಎದ್ದು ನಿಲ್ಲುತ್ತಿದ್ದ. "ಬಂದವರು ದಾರು? ಯಾವ ಪಟ್ಟಣ?" ಎಂದು ನಾನು ರಾಗ ತೆಗೆಯುವಷ್ಟರಲ್ಲಿ ಅವರು ನಾಲ್ಕು ಏಟು ಹಾಕಿ ಮುಗಿಸಿರುತ್ತಿದ್ದರು. ಒಂದು ಸಲವಲ್ಲ, ಎರಡು ಸಲವಲ್ಲ. ಮಗಳು ತಲೆ ಚಚ್ಚಿಕೊಳ್ಳುತ್ತಿದ್ದಳು. "ಅಪ್ಪಾ, ಅವರು ಹೊಡಿಯಾಕ ಬಂದಾರ, ಸಂಬಂಧ ಕೇಳಾಕಲ್ಲ!"

ನಾನೂ ಬಿಡುತ್ತಿರಲಿಲ್ಲ. "ಯಾರನ್ನ ಹೊಡಿಯಾಕತ್ತೇವಿ ಅಂತ ಗೊತ್ತಿಲ್ಲದ ಹೊಡದ್ರ ಅದು ಯುದ್ಧ ಅಲ್ಲವಾ, ಸೊಳ್ಳಿ ಹೊಡದಂಗ!" ಎಂದು ಒದರುತ್ತಿದ್ದೆ. ಹಾಗೆ ಒದರಿ ಒದರಿ ಎರಡು ಪಾತ್ರ ಕಳೆದುಕೊಂಡೆ. ನನಗೇನು, ಒಂದು ವೇಷ ಕಳಚಿ ಇನ್ನೊಂದು ತೊಡುವುದು ಅಂಗಿ ಬದಲಿಸಿದಷ್ಟೇ. ಮೂರನೆಯದು ಕಟ್ಟಿಕೊಂಡು ಅದೇ ಬಾಯಿ ಇಟ್ಟುಕೊಂಡು ಬಂದೆ.

ಆದರೆ ಎಲ್ಲರದೂ ಹಾಗಲ್ಲ ಎನ್ನುವುದು ನನಗೆ ಹೊಳೆಯಲಿಲ್ಲ. ಒಂದು ಭಾನುವಾರ ಸೇತುವೆಯ ಮೇಲೆ ಒಂದು ತಂಡ ಎದುರಾಯಿತು. ಮಗಳು "ಅಪ್ಪಾ, ಸುಮ್ಮನಿರು, ನಾ ಹೊಡಿತೇನಿ" ಎಂದಳು. ನಾನು "ತಡಿ, ಒಂದ ಮಾತು ಕೇಳ್ತೇನಿ" ಎಂದು ಅವಳ ಬಾಣದ ಅಡ್ಡಕ್ಕೆ ಹೋಗಿ ನಿಂತೆ. ಅವರು ನನ್ನನ್ನು ದಾಟಿ ಸೀದಾ ಹಿಂದಿದ್ದ ವೈದ್ಯೆಯನ್ನು ಹೊಡೆದರು. ಅವಳು ಸೇತುವೆಯಿಂದ ಹೊಳೆಗೆ ಬಿದ್ದಳು.

ಆಮೇಲೆ ಮಗಳು ಮೆಲ್ಲಗೆ ಕೇಳಿದಳು: "ಅಕ್ಕಾ, ಎಷ್ಟನೇ ಜೀವ ಹೋತು?"

"ಎಂಟು" ಎಂದಳು. "ಇರ್ಲಿ ಬಿಡ್ರಿ ಕಾಕಾ. ನೀವೇನ ಬೇಕಂತ ಮಾಡಿಲ್ಲ."

ಬಯ್ದಿದ್ದರೆ ಚೆನ್ನಾಗಿತ್ತು. ಬಯ್ಗುಳ ತಿಂದು ಅಭ್ಯಾಸ ಇದೆ ನನಗೆ, ಚಿಲ್ಲರೆಗಾಗಿ ಸಾವಿರ ಜನರಿಂದ ತಿಂದಿದ್ದೇನೆ. ಆ "ಇರ್ಲಿ ಬಿಡ್ರಿ" ಮಾತ್ರ ಅರಗಲಿಲ್ಲ. ಅಂದು ಹೆಂಡತಿ ಮಾಡಿದ್ದ ಎಣ್ಣೆಗಾಯಿ ಬದನೆಕಾಯಿ ಹಾಗೇ ಉಳಿಯಿತು. ನಾಚಿಕೆಯೂ ಆಯಿತು, ಅಳುವೂ ಬಂತು, ಸುಳ್ಳೇಕೆ ಹೇಳಲಿ.

ಮುಂದಿನ ಭಾನುವಾರ ಅವಳು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ನಾನೇ ಫೋನ್ ಮಾಡಿದೆ.

"ಇನ್ನ ಆಡಂಗಿಲ್ಲ ಕಾಕಾ" ಎಂದಳು. "ಒಂದ ಜೀವ ಉಳದೈತಿ. ಆಡಿದ್ರ ಅದೂ ಹೋಗತೈತಿ. ಮೂರು ವರ್ಷ ಆತು ಆಕೀನ ಕಟ್ಟಾಕತ್ತಿ. ಮನಿ ಅತ್ತಿ ಹೆಸರಿಲೆ ಐತಿ. ಹೊಲ ಮಂದೀದು. ನಾ ಕಟ್ಟಿದ್ದು ಅಂತ ಇದೊಂದ ಐತ್ರಿ. ಪೆಟ್ಟಿಗ್ಯಾಗ ರೇಷ್ಮಿ ಸೀರಿ ಇಟ್ಟಂಗ ಇಟ್ಟಬಿಡ್ತೇನಿ."

ನಾನು ದೇವರಾಣೆ ಮಾಡಿದೆ, ಇನ್ನು ಮೇಲೆ ಆಟದಲ್ಲಿ ಬಾಯಿ ತೆರೆಯುವುದಿಲ್ಲ, ಯಾರ ಊರೂ ಕೇಳುವುದಿಲ್ಲ ಎಂದು. ಅವಳು ನಕ್ಕಳು. "ನೀವು ಕೇಳದಿದ್ರ ಆಟ ಸಪ್ಪ ಆಗತೈತಿ" ಎಂದು ಹೇಳಿ ಫೋನ್ ಇಟ್ಟಳು. ಬರುತ್ತೇನೆ ಎಂದು ಮಾತ್ರ ಹೇಳಲಿಲ್ಲ.

ಅವಳನ್ನು ಕರೆತಂದವಳು ನನ್ನ ಮಗಳು. ಆಟವೆಂದರೆ ಗೆಲುವು, ಅಪ್ಪನದೆಲ್ಲ ಹರಟೆ ಎನ್ನುತ್ತಿದ್ದವಳು, ಶಿಗ್ಗಾಂವದಿಂದ ದಿನವೂ ಅವಳಿಗೆ ಫೋನ್ ಹಚ್ಚಿದಳು. "ಅಕ್ಕಾ, ಪೆಟ್ಟಿಗ್ಯಾಗಿನ ಸೀರಿನೂ ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕಬೇಕು. ಇಲ್ಲಾಂದ್ರ ನುಸಿ ಹತ್ತತೈತಿ" ಎಂದಳಂತೆ. ಭಾಯಿಯೂ ಅಕ್ಕನನ್ನು ಕರೆಯುವಂತೆ ಕರೆದು ಸೇರಿಕೊಂಡ. "ಆಪಾ, ಯುದ್ಧ ಬ್ಯಾಡ. ಕಣಿವಿ ಆ ಕಡೆ ಒಂದ ಕೆರಿ ಐತಂತ, ಕಮಲ ಅರಳ್ಯಾವಂತ. ಬರೇ ನೋಡಿ ಬರೂಣು. ನಾ ಡಾಲು ಹಿಡಕೊಂಡ ಮುಂದ ನಡಿತೇನಿ. ಇವತ್ತ ಒಲಿ ಸುದ್ದಾ ಹಚ್ಚಂಗಿಲ್ಲ." ಖಾರಾ ಅಂಗಡಿಯವನು ಭಾನುವಾರ ಒಲೆ ಹಚ್ಚುವುದಿಲ್ಲ ಎಂದರೆ ಅದು ಸಣ್ಣ ಮಾತಲ್ಲ. ಅವಳು ಒಪ್ಪಿದಳು.

ಕೆರೆ ನೋಡಲು ಹೊರಟೆವು. ಎಷ್ಟು ಸಂತೋಷದ ನಡಿಗೆ ಅದು! ನಿಜವಾದ ಬುತ್ತಿ ಕಟ್ಟಿಕೊಂಡು ಹೊರಟಂತೆ ಇತ್ತು. ಹೆಂಡತಿ ಕೂಡ ನನ್ನ ಭುಜದ ಹಿಂದಿನಿಂದ ಇಣುಕಿ "ಆ ಗಿಡ ಯಾವುದು, ಬನ್ನಿಯೋ ಜಾಲಿಯೋ?" ಎಂದು ಕೇಳಿದಳು. ನಾನು ಮಾತ್ರ ಆಣೆ ಮಾಡಿದವನು. ಬಾಯಿಗೆ ಎಲೆಅಡಿಕೆ ತುಂಬಿಕೊಂಡು ಕೂತಿದ್ದೆ, ತೆರೆಯಬೇಕೆಂದರೂ ತೆರೆಯಬಾರದೆಂದು.

ಕಣಿವೆಯ ನಡುವೆ ದಾರಿ ಒಬ್ಬರು ಹೋಗುವಷ್ಟು ಸಣ್ಣದಾಗುತ್ತದೆ. ಅಲ್ಲಿಯೇ ಅವರು ನಿಂತಿದ್ದರು. ಮೂರು ಜನ. ಮುಂದಿನವನ ಮೈತುಂಬ ಕರಿ ಕವಚ, ಕೈಯಲ್ಲಿ ಆಳೆತ್ತರದ ಕತ್ತಿ. ಆಟದಲ್ಲಿ ಅಂಥ ಕತ್ತಿ ಸಿಗಬೇಕಾದರೆ ನಮ್ಮಂಥ ಐವತ್ತು ತಂಡಗಳನ್ನಾದರೂ ಮುಗಿಸಿರಬೇಕು. ಭಾಯಿ ಡಾಲು ಎತ್ತಿದ. ಮಗಳು ಬಾಣ ಹೂಡಿದಳು. ನನ್ನ ಗಂಟಲೊಳಗೆ "ಬಂದವರು" ಎಂಬುದು ಅರ್ಧ ಬಂದು, ಎಲೆಅಡಿಕೆಯೊಂದಿಗೆ ಹಿಂದಕ್ಕೆ ಹೋಯಿತು. ಇನ್ನೇನು, ಅವಳ ಒಂಬತ್ತನೆಯದೂ ಮುಗಿಯಿತು ಎಂದುಕೊಂಡೆ.

ಆಗ ಮೈಕಿನಲ್ಲಿ ಒಂದು ಸಣ್ಣ, ನಡುಗುವ ದನಿ ಬಂತು.

"ಬಂದವರು ದಾರು?"

ವೈದ್ಯೆ! ಹಿಂದೆ ಇದ್ದವಳು ಭಾಯಿಯ ಡಾಲು ದಾಟಿ ಮುಂದೆ ಬಂದು ನಿಂತಿದ್ದಳು.

ಕರಿ ಕವಚದವನು ಎತ್ತಿದ ಕತ್ತಿಯನ್ನು ಹಾಗೇ ಹಿಡಿದು ನಿಂತ. "ಏನಂದ್ರಿ?" ದನಿ ನಮ್ಮ ಕಡೆಯದೇ, ಇಪ್ಪತ್ತೈದರ ಆಸುಪಾಸಿನ ಗಂಡಸಿನದು.

"ಯಾವ ಊರು, ಯಾರ ಮಗ, ಯಾಕ ಬಂದಿ? ಹೇಳದ ಹೊಡದ್ರ ಅದು ಧರ್ಮ ಅಲ್ಲಪಾ."

ಆ ಮೂವರೂ ನಕ್ಕರು. "ಮೊದಲ ನೀವ ಹೇಳ್ರಿ ನೋಡೂಣು" ಎಂದ ಅವನು.

ನನಗೋ, ಹಿಂದಿನಿಂದ ಅವಳಿಗೆ ಹೇಳಿಕೊಡಬೇಕೆಂದು ನಾಲಿಗೆ ತುರಿಸುತ್ತಿತ್ತು. ಮಗಳು "ಅಪ್ಪಾ, ಸುಮ್ಮನಿರು" ಎಂದು ಪಿಸುಗುಟ್ಟಿದಳು. ಸುಮ್ಮನಿದ್ದೆ. ಆಮೇಲೆ ಅವಳು ಶುರುಮಾಡಿದಳು.

"ನಾನು ಹೂವಿನ ನಾಡಿನಕಿ. ನಮ್ಮ ನಾಡಿನ್ಯಾಗ ದುಂಬಿಗೆ ಪ್ರವೇಶ ಇಲ್ಲ, ಸುತ್ತೂಕಡೆ ಸಣ್ಣ ಕಣ್ಣಿನ ಬಲಿ ಕಟ್ಟೇವಿ. ಅಲ್ಲಿ ದುಂಬಿ ಕೆಲಸ ನಂದು. ಸಂಜಿಕ ನಾ ಮೊಗ್ಗಿನ ಕಡೆ ಹೋಗ್ತೇನಿ. ನಾಳಿ ಅರಳೂ ಮೊಗ್ಗು ಯಾವುದು ಅಂತ ಮಾರಿ ನೋಡಿ ಗುರ್ತ ಹಿಡಿತೇನಿ. ಇನ್ನ ಕಣ್ಣ ತಗಿಯದ ಮೊಗ್ಗು ಅದು. ಚಿಮಟಿಗಿಲೆ ಬಿಚ್ಚಿ, ಒಳಗಿನ ಗಂಡು ಅಷ್ಟ ತಗಿತೇನಿ, ಹೆಣ್ಣಿಗೆ ಒಂದ ಗೀರು ಬೀಳಂಗಿಲ್ಲ. ಉಸುರು ಬಿಗಿ ಹಿಡದ ಮಾಡಬೇಕು. ಮರುದಿನ ಮುಂಜಾನೆ ಬ್ಯಾರೆ ಗಿಡದ ಗಂಡುಹೂವಿನ ಪುಡಿ ತಗೊಂಡ ಬರ್ತೇನಿ. ನನ್ನ ಬೆರಳಿಗೆ ಒಂದ ಉಂಗುರ ಐತಿ, ಅದಕ್ಕ ಹರಳ ಇಲ್ಲ, ಸಣ್ಣ ಬಟ್ಟಲ ಐತಿ. ಅದರಾಗ ಆ ಪುಡಿ. ಒಂದೊಂದ ಹೂವಿಗೂ ನಾನ ಮುಟ್ಟಸ್ತೇನಿ. ಇದರ ಮದುವಿ ಆತು ಅಂತ ಗುರ್ತಿಗೆ ಹೂವಿನ ಕೆಳಗಿನ ಹಸರ ಎಸಳು ಎರಡ ಕತ್ತರಸ್ತೇನಿ. ಒಂದ ದಿನಕ್ಕ ನಾನು ಎಷ್ಟ ಮದುವಿ ಮಾಡಸ್ತೇನಿ ಅಂತ ಯಾವ ಪುರೋಹಿತಗೂ ಗೊತ್ತಿಲ್ಲ. ನಾ ಮುಟ್ಟಿದ ಹೂವು ಹಣ್ಣ ಆಗತೈತಿ, ಹಣ್ಣಿನ ಬೀಜ ಎಲ್ಲೆಲ್ಲೋ ಹೋಗತೈತಿ. ನೀ ಉಣ್ಣೂ ಸಾರಿನ ಟೊಮ್ಯಾಟಿ ನನ್ನ ಮೊಮ್ಮಗಳ ಇರಬೇಕು. ಇಂಥ ಕೈ ನಂದು. ಇದ ಕೈಲೆ ಇವರ ಗಾಯಕ್ಕ ಮದ್ದ ಹಚ್ಚತೇನಿ. ಇನ್ನ ನಿಂದ ಹೇಳಪಾ. ನೀ ದಾರು?"

ಎಲೆಅಡಿಕೆ ನುಂಗಿಯೇಬಿಟ್ಟೆ. ಇಷ್ಟು ವರ್ಷ ಸಾರಥಿಯಾಗಿ ಎಷ್ಟೋ ಅರಸರನ್ನು ಕೇಳಿದ್ದೇನೆ, ಯಾವ ಅರಸನೂ ತನ್ನ ಪ್ರತಾಪವನ್ನು ಹೀಗೆ ಹೇಳಿದ್ದಿಲ್ಲ. ಪಕ್ಕದಲ್ಲಿ ಹೆಂಡತಿ ಸೆರಗಿನಿಂದ ಕಣ್ಣು ಒರೆಸಿಕೊಂಡು, "ಏನ್ ಛಲೋ ಹೇಳಿದಳ್ರಿ!" ಎಂದಳು.

ಕರಿ ಕವಚದವನ ಕತ್ತಿ ಎತ್ತಿದ್ದು ಎತ್ತಿದಂತೆಯೇ ಇತ್ತು. ಕೊನೆಗೆ ಅವನೆಂದ: "ನಮ್ಮದು ಬ್ಯಾಡಗಿ ಅಕ್ಕಾರ. ನಮ್ಮವ್ವ ದಿನಾ ಮೆಣಸಿನಕಾಯಿ ಕೆಲಸಕ್ಕ ಹೋಗ್ತಾಳ. ಅಲ್ಲಿ ಏನ್ ಮಾಡ್ತಾಳ ಅಂತ ನಾ ಒಂದ ದಿನಾನೂ ಕೇಳಿಲ್ಲ." ಆಮೇಲೆ, "ತಡೀರಿ, ಬಂದೆ" ಎಂದ.

ಅವನ ಯೋಧ ಗೊಂಬೆಯಂತೆ ನಿಂತ. ಮೈಕ್ ಬಂದ್ ಮಾಡಲು ಅವನಿಗೆ ನೆನಪಾಗಿರಲಿಲ್ಲ. ಫೋನ್ ಕೈಯಲ್ಲೇ ಹಿಡಿದು ಒಳಗಿನ ಕೋಣೆಗೆ ಹೋಗಿ ಕೂಗುವುದು ನಮಗೆಲ್ಲ ಕೇಳಿಸಿತು: "ಯವ್ವಾ, ನೀ ದಿನಾ ಕೆಲಸಕ್ಕ ಹೋಗಿ ಏನೇನ ಮಾಡ್ತಿ?"

"ಯಾಕೋ? ಮೈಯ್ಯಾಗ ಆರಾಮ ಐತಿಲ್ಲ ನಿನಗ?" ಎಂದು ಒಂದು ಹೆಂಗಸಿನ ದನಿ ಕೇಳಿತು.

ಮಗಳು ನಮ್ಮ ತಂಡಕ್ಕಷ್ಟೇ ಕೇಳುವಂತೆ ಪಿಸುಗುಟ್ಟಿದಳು: "ಅಕ್ಕಾ, ಅಂವ ಇಲ್ಲ! ಈಗ ಹೊಡದ್ರ ಬೀಳ್ತಾನ. ನಿನ್ನ ಜೀವ ಉಳಿತೈತಿ. ನಾ ಬಾಣ ಬಿಡ್ಲೇನು?"

"ಬಿಟ್ಟಿ ನೋಡು!" ಎಂದು ಗದರಿದಳು ವೈದ್ಯೆ. "ಸುಮ್ಮನಿರು. ಆಕಿ ಏನೋ ಹೇಳಾಕತ್ತಾಳ, ಕೇಳೂಣು."

ಕೇಳಿದೆವು. ದಿನವಿಡೀ ಮೆಣಸಿನಕಾಯಿಯ ತೊಟ್ಟು ಮುರಿಯುವುದು, ಬಣ್ಣ ನೋಡಿ ಬೇರೆ ಬೇರೆ ಹಾಕುವುದು, ಸೀನು ಬಂದರೂ ಕಣ್ಣು ಮುಟ್ಟಿಕೊಳ್ಳುವಂತಿಲ್ಲ. "ಸಂಜಿಕ ಕೈ ಮಜ್ಜಿಗ್ಯಾಗ ಅದ್ದಿ ಕುಂದರ್ತೇನಲ್ಲ, ನೀ ನೋಡೇ ಇಲ್ಲನು?" ಎಂದಳು ಆ ತಾಯಿ. ಮಗ ಏನೋ ಗೊಣಗಿದ. "ಯಾರು ಕೇಳಾಕ ಹೇಳಿದ್ರು ಇದನ್ನೆಲ್ಲಾ? ತಾ ಇಲ್ಲಿ ಆ ಫೋನು" ಎಂದದ್ದು ಕೇಳಿಸಿತು.

ಕರಿ ಕವಚದ ಯೋಧನ ಬಾಯಿಂದ ಈಗ ಆ ತಾಯಿಯ ದನಿ ಹೊರಟಿತು. "ಯವ್ವಾ, ಯಾವ ಬೆಳಿ ನಿಂದು? ಟೊಮ್ಯಾಟಿಯೇನು? ಕೈಗೆ ಆ ಹಸರು ಹತ್ತಿದ್ದು ಹೋಗಂಗಿಲ್ಲಲ್ಲ?"

"ಹೋಗಂಗೇ ಇಲ್ರಿ ಅತ್ತಿ! ಸಬಕಾರ ಹಚ್ಚಿ ತಿಕ್ಕಿದ್ರೂ ಕರ್ರಗ ಆಗತೈತಿ."

"ಹುಣಸಿಹಣ್ಣು ಹಚ್ಚಿ ತಿಕ್ಕು."

ಏಳು ಯೋಧರು ಕತ್ತಿ, ಬಿಲ್ಲು, ಡಾಲು ಹಿಡಿದುಕೊಂಡು ಕಣಿವೆಯಲ್ಲಿ ನಿಂತೇ ಇದ್ದೆವು. ಇಬ್ಬರು ಹೆಂಗಸರು ಹುಣಸೆಹಣ್ಣಿನಿಂದ ಶುರುಮಾಡಿ, ಸೊಂಟನೋವಿಗೆ ಬಂದು, ಕೂಲಿಯವರ ಮೇಲಿನ ಮುಕಾದಮನನ್ನು ಬಯ್ದು, ಬಿದ್ದು ಬಿದ್ದು ನಕ್ಕರು. ಭಾಯಿಯ ಡಾಲು ಯಾವಾಗಲೋ ಕೆಳಗಿಳಿದಿತ್ತು. ನಡುವೆ ಆ ತಾಯಿಗೆ ನೆನಪಾಯಿತು.

"ಅಲ್ಲವಾ, ಈ ನನ್ನ ಮಗ ನಿನ್ನ ಯಾಕ ತಡದ ನಿಂದರಿಸ್ಯಾನ?"

"ಹೊಡಿಯಾಕ್ರಿ ಅತ್ತಿ. ಇನ್ನೊಮ್ಮೆ ಹೊಡದ್ರ ನಾ ಪೂರಾ ಹೋಗಿಬಿಡ್ತೇನಿ."

"ಏನಂದಿ?" ತಾಯಿಯ ದನಿ ಏರಿತು. ಫೋನಿನಿಂದ ಮುಖ ತಿರುಗಿಸಿ ಮಗನಿಗೆ ಹೇಳಿದ್ದು ನಮಗೆಲ್ಲ ಕೇಳಿಸಿತು. "ಈಕೀನ ಮುಟ್ಟಿದ್ಯೋ, ಇವತ್ತ ರೊಟ್ಟಿ ಇಲ್ಲ ನೋಡು!"

ಆಳೆತ್ತರದ ಕತ್ತಿ ಒರೆಗೆ ಹೋಯಿತು. ಅವನ ಇಬ್ಬರು ಜೊತೆಗಾರರೂ ತಮ್ಮವನ್ನು ಇಳಿಸಿದರು. ಮೂವರೂ ಬಂಡೆಗೆ ಬೆನ್ನು ಹಚ್ಚಿ ದಾರಿ ಬಿಟ್ಟರು. ನಾನು ದಾಟಿದೆ, ಮಗಳು ದಾಟಿದಳು, ಭಾಯಿ ದಾಟಿದ. ಕೆರೆ ಕಾಣುತ್ತಿತ್ತು, ಕಮಲಗಳೂ ಇದ್ದವು. ಹಿಂದಿರುಗಿ ನೋಡಿದರೆ ವೈದ್ಯೆ ಇನ್ನೂ ಅಲ್ಲೇ, ಆ ಮೂವರ ನಡುವೆ, ಕರಿ ಕವಚದವನ ಎದುರಿಗೆ ನಿಂತಿದ್ದಾಳೆ. ನನಗೆ ಗಾಬರಿಯಾಯಿತು. "ತಂಗಿ, ಜಲ್ದಿ ಬಾ!" ಎಂದು ಕೂಗಿದೆ.

"ನೀವು ಮುಂದ ನಡೀರಿ ಕಾಕಾ" ಎಂದಳು. "ನಮ್ಮ ಮಾತು ಇನ್ನ ಮುಗದಿಲ್ಲ."